ಭುಜ ನೋವಾ? ಚಕ್ರ ತಳ್ಳುವ ಕೈಯನ್ನೊಮ್ಮೆ ನೋಡಿ

ಮಡಿಕೇರಿಯಲ್ಲಿ ಮನೆಯಿಂದ ಹೊರಟರೆ ಒಂದೋ ಏರು, ಇಲ್ಲ ಇಳಿಜಾರು. ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡುವ ನನ್ನ ಚಿಕ್ಕಪ್ಪನ ಮಗನಿಗೆ ಮೈದಾನ ತಲುಪುವಷ್ಟರಲ್ಲೇ ಅರ್ಧ ಸುಸ್ತು. ಕಳೆದ ಮಳೆಗಾಲದಲ್ಲಿ ಒಂದು ದಿನ, ಮೇಲಿನ ಶೆಲ್ಫಿನ ಕಾಫಿಪುಡಿ ಡಬ್ಬಕ್ಕೆ ಕೈ ಚಾಚಿದವನು ಅರ್ಧದಲ್ಲೇ ಹಲ್ಲು ಕಚ್ಚಿ ಕೈ ಇಳಿಸಿದ. ಎರಡು ತಿಂಗಳಿಂದ ನೋವಿತ್ತಂತೆ. ಯಾರಿಗೂ ಹೇಳಿರಲಿಲ್ಲ.

ದಯವಿಟ್ಟು ಹಾಗೆ ಸುಮ್ನೆ ಇರಬೇಡಿ. ವೀಲ್‌ಚೇರ್ ಆಟಗಾರರಿಗೆ ಭುಜವೇ ಕಾಲು ಕೂಡ. ಹಾಸಿಗೆಯಿಂದ ಕುರ್ಚಿಗೆ ಬರಲು, ಕಾರು ಹತ್ತಲು, ಚೆಂಡು ಎಸೆಯಲು ಎಲ್ಲಕ್ಕೂ ಅದೇ ಬೇಕು. ಆದರೆ ಈ ಕೀಲು ಇರುವುದು ಕೈಯನ್ನು ಎಲ್ಲ ಕಡೆ ತಿರುಗಿಸಲು, ದಿನವಿಡೀ ಭಾರ ಹೊರಲು ಅಲ್ಲ. ಚಕ್ರ ತಳ್ಳಿ ತಳ್ಳಿ ಎದೆಯ ಕಡೆಯ ಸ್ನಾಯುಗಳು ಬಲಿಯುತ್ತವೆ, ಬೆನ್ನಿನ ಕಡೆಯವು ಸೋಲುತ್ತವೆ. ಭುಜ ಮುಂದಕ್ಕೆ ಬಾಗುತ್ತದೆ. ಆಮೇಲೆ ಕೈ ಎತ್ತಿದಾಗಲೆಲ್ಲ ಎಲುಬಿನ ಸಂದಿಯಲ್ಲಿ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಸೇರಿಸುವ ಹುರಿ) ಸಿಕ್ಕಿ ಉಜ್ಜುತ್ತದೆ.

ಮೊದಲು ಕುರ್ಚಿ ನೋಡಿ. ಚಕ್ರದ ಪಕ್ಕದಲ್ಲಿ ಕೈಯಿಂದ ತಳ್ಳುವ ಬಳೆ, ಅಂದರೆ ರಿಮ್ಮಿನ ನೆತ್ತಿಯ ಮೇಲೆ ಕೈ ಇಟ್ಟಾಗ ತೋಳು ಮತ್ತು ಮುಂಗೈ ನಡುವಿನ ಕೋನ 100ರಿಂದ 120 ಡಿಗ್ರಿ ಇರಬೇಕು. ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ಸ್ವಲ್ಪ ಮುಂದಿದ್ದರೆ ತಳ್ಳುವುದು ಹಗುರ. ಆದರೆ ನಮ್ಮ ಏರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುವ ಭಯ ಜಾಸ್ತಿ ಅಲ್ವಾ? ಹಾಗಾಗಿ ಸ್ವಲ್ಪ ಸ್ವಲ್ಪವೇ ಸರಿಸಿ, ಹಿಂದೆ ಆ್ಯಂಟಿ-ಟಿಪ್ ಚಕ್ರ ಹಾಕಿಸಿ. ಟಯರಿನ ಗಾಳಿ ವಾರಕ್ಕೊಮ್ಮೆ ನೋಡಿ.

ಇನ್ನು ತಳ್ಳುವ ರೀತಿ. ಚಿಕ್ಕ ಚಿಕ್ಕದಾಗಿ ಪಟಪಟನೆ ಹೊಡೆಯಬೇಡಿ. ಉದ್ದಕ್ಕೆ, ನಯವಾಗಿ ತಳ್ಳಿ, ಕೈ ಬಿಡಿ. ಬಿಟ್ಟ ಕೈ ರಿಮ್ಮಿನ ಕೆಳಗಿನಿಂದ ಅರ್ಧಚಂದ್ರದಂತೆ ತೂಗಿ ಹಿಂದಕ್ಕೆ ಬರಲಿ. ನನ್ನ ತಮ್ಮ ಕೈಯನ್ನು ರಿಮ್ಮಿನ ಮೇಲಿಂದಲೇ ಹಿಂದಕ್ಕೆಳೆಯುತ್ತಿದ್ದ. ಮೊಬೈಲಿನಲ್ಲಿ ವಿಡಿಯೊ ಮಾಡಿ ತೋರಿಸಿದ ಮೇಲಷ್ಟೇ ಅವನಿಗೆ ಗೊತ್ತಾಯಿತು. ಮಳೆಯಲ್ಲಿ ಒದ್ದೆ ರಿಮ್ಮು ಜಾರುತ್ತದೆ, ಹಿಡಿತ ಬಿಗಿಯಾಗಿ ಭುಜ ಇನ್ನೂ ದಣಿಯುತ್ತದೆ. ರಬ್ಬರಿನ ಹಿಡಿತವಿರುವ ಗ್ಲೌಸ್ ಹಾಕಿ.

ವ್ಯಾಯಾಮಕ್ಕೆ ಹಳೇ ಸೈಕಲ್ ಟ್ಯೂಬ್ ಸಾಕು. ಉದ್ದಕ್ಕೆ ಸೀಳಿ ಕಿಟಕಿ ಸರಳಿಗೆ ಕಟ್ಟಿ, ಕುರ್ಚಿಯ ಬ್ರೇಕ್ ಹಾಕಿ. ಎರಡು ತುದಿ ಹಿಡಿದು ಮೊಣಕೈ ಹಿಂದಕ್ಕೆಳೆಯಿರಿ, ಬೆನ್ನಿನ ರೆಕ್ಕೆ ಮೂಳೆಗಳು ಹತ್ತಿರ ಬರಲಿ. ಆಮೇಲೆ ಟ್ಯೂಬಿಗೆ ಅಡ್ಡಲಾಗಿ ಕೂತು, ಕಿಟಕಿಯಿಂದ ದೂರದ ಕೈಯಲ್ಲಿ ಹಿಡಿಯಿರಿ. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ಅದು ಬೀಳದಂತೆ ಮುಂಗೈಯನ್ನಷ್ಟೇ ಹೊರಕ್ಕೆ ತಿರುಗಿಸಿ. ಹತ್ತು-ಹದಿನೈದು ಸಲ, ವಾರಕ್ಕೆ ಮೂರು ದಿನ. ನೋವಾದರೆ ನಿಲ್ಲಿಸಿ.

ಕೂತು ಕೂತು ಪೃಷ್ಠದ ಮೇಲೆ ಬೀಳುವ ಒತ್ತಡ ಕಡಿಮೆ ಮಾಡಲು ಕೈಯೂರಿ ಮೈ ಎತ್ತುವ ಬದಲು ಮುಂದಕ್ಕೋ ಪಕ್ಕಕ್ಕೋ ಬಾಗಿ. ದಿನವೂ ಬೇಕಾಗುವ ಸಾಮಾನು ಭುಜಕ್ಕಿಂತ ಕೆಳಗಿರಲಿ. ನಮ್ಮ ಮನೆಯ ಕಾಫಿ ಡಬ್ಬ ಈಗ ಕೆಳಗಿದೆ.

ರಾತ್ರಿ ನೋವಿನಿಂದ ಎಚ್ಚರವಾದರೆ, ಕೈ ಎತ್ತಲೇ ಆಗದಿದ್ದರೆ, ಬೆರಳು ಜೋಮು ಹಿಡಿದರೆ ವ್ಯಾಯಾಮ ಬಿಟ್ಟು ಮೂಳೆ ವೈದ್ಯರ ಹತ್ತಿರ ಹೋಗಿ. ಹೋಗುವಾಗ ಕುರ್ಚಿ ತಳ್ಳುವ ವಿಡಿಯೊ ಕೂಡ ತೆಗೆದುಕೊಂಡು ಹೋಗಿ.