ಬೇಕಾದ ಪದಕ್ಕೆ ವಿಡಿಯೋ ಹಾರುತ್ತಿಲ್ಲವೇ?

ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಮಳೆಗಾಲದ ಸಂಜೆಗಳಿಗೆ ಉಳಿಯುವುದು ಹಾರ್ಡ್ ಡಿಸ್ಕಿನೊಳಗಿನ ಆಟ. ಆದರೆ ರಾತ್ರಿಯಿಡೀ ನಡೆದ ಪ್ರಸಂಗದಲ್ಲಿ ನಡುರಾತ್ರಿಯ ಒಂದೇ ಒಂದು ಪದ (ಭಾಗವತರ ಹಾಡು) ಬೇಕೆಂದು ಪ್ಲೇಯರಿನ ಕೆಳಗಿನ ಸಮಯದ ಪಟ್ಟಿಯನ್ನು ಎಳೆದರೆ ಚಿತ್ರ ಅಲ್ಲಾಡುವುದಿಲ್ಲ, ಇಲ್ಲವೇ ಮತ್ತೆ ಮೊದಲಿನ ಕೋಡಂಗಿ ಕುಣಿತಕ್ಕೇ ಬಂದು ನಿಲ್ಲುತ್ತದೆ. ಇಂಥ ಫೈಲುಗಳಲ್ಲಿ ಹೆಚ್ಚಿನವುಗಳ ಚಿತ್ರ, ಧ್ವನಿ ಎರಡೂ ಸರಿಯಾಗಿಯೇ ಇರುತ್ತವೆ. ಕೆಟ್ಟಿರುವುದು ಇಂಡೆಕ್ಸ್. ಎಂದರೆ ಯಾವ ಸೆಕೆಂಡಿನ ಚಿತ್ರ ಫೈಲಿನ ಯಾವ ಜಾಗದಲ್ಲಿದೆ ಎಂದು ಹೇಳುವ ಪಟ್ಟಿ. ಹಾಗಾಗಿ ಮೊದಲೇ ಕನ್ವರ್ಟರಿಗೆ ಹಾಕಬೇಡಿ. ಗಂಟೆಗಟ್ಟಲೆ ಸಮಯ ಹೋಗುತ್ತದೆ, ಚಿತ್ರದ ಗುಣಮಟ್ಟವೂ ಇಳಿಯುತ್ತದೆ.

ಮೊದಲು ಫೈಲನ್ನು ಪೆನ್‌ಡ್ರೈವಿನಿಂದ ಕಂಪ್ಯೂಟರಿಗೆ ನಕಲು ಮಾಡಿ ವಿಎಲ್‌ಸಿ ಎಂಬ ಉಚಿತ ಪ್ಲೇಯರಿನಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಓಡಿದರೆ ತಪ್ಪು ಟಿವಿಯ ಪ್ಲೇಯರಿನದು ಅಥವಾ ಪೆನ್‌ಡ್ರೈವಿನದು, ಫೈಲಿನದಲ್ಲ. ಅಲ್ಲಿಯೂ ಹಠ ಮಾಡಿದರೆ ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಸಂಗತಿ ನೋಡಿ: ಫೈಲಿನ ಬಗೆ, ಒಟ್ಟು ಅವಧಿ, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಸ್ಥಿರವೋ ಬದಲಾಗುವುದೋ. ಮೂಲ ಫೈಲನ್ನು ಮಾತ್ರ ಮುಟ್ಟಬೇಡಿ.

ಅವಧಿ ಕಾಣದಿದ್ದರೆ, ತಪ್ಪಾಗಿ ಕಂಡರೆ ಅಥವಾ ಪಟ್ಟಿ ಎಳೆದಾಗ ಎಲ್ಲೆಲ್ಲಿಗೋ ಹೋದರೆ ಇಂಡೆಕ್ಸಿನ ತೊಂದರೆ. ಕ್ಯಾಮೆರಾದ ಎಂಟಿಎಸ್, ಟಿಎಸ್ ಫೈಲುಗಳಲ್ಲಿ ಇಂಡೆಕ್ಸ್ ಇರುವುದೇ ಇಲ್ಲ. ಪ್ಲೇಯರ್ ಅಂದಾಜಿನ ಮೇಲೆ ಹಾರುತ್ತದೆ. ಇದಕ್ಕೆ ಎಂಕೆವಿಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶ ಸಾಕು. ಫೈಲನ್ನು ಅದರ ಇನ್‌ಪುಟ್ ಟ್ಯಾಬಿಗೆ ಎಳೆದು ಹಾಕಿ, ಕೆಳಗೆ ಹೊಸ ಫೈಲಿನ ಜಾಗ ಮತ್ತು ಹೆಸರು ಕೊಟ್ಟು, ಸ್ಟಾರ್ಟ್ ಮಲ್ಟಿಪ್ಲೆಕ್ಸಿಂಗ್ ಒತ್ತಿ. ಇದು ಚಿತ್ರವನ್ನು ಮುಟ್ಟದೆ ಎಂಕೆವಿ ಎಂಬ ಬಗೆಯ ಹೊಸ ಡಬ್ಬಿಗೆ ತುಂಬಿ, ಹೊಸ ಇಂಡೆಕ್ಸ್ ಬರೆಯುತ್ತದೆ. ಹತ್ತಾರು ಜಿಬಿ ಇದ್ದರೂ ಡಿಸ್ಕ್ ನಕಲು ಮಾಡುವಷ್ಟೇ ಹೊತ್ತು. ಹಳೆಯ ಎವಿಐ ಫೈಲಾದರೆ ಇಂಡೆಕ್ಸ್ ಕೆಟ್ಟಿದೆ ಎಂದು ವಿಎಲ್‌ಸಿಯೇ ಹೇಳಿ, ಸರಿಪಡಿಸಲೇ ಎಂದು ಕೇಳುತ್ತದೆ. ಆ ದುರಸ್ತಿ ಆ ಸಲದ ನೋಡುವಿಕೆಗೆ ಮಾತ್ರ. ಶಾಶ್ವತಕ್ಕೆ ಎಂಕೆವಿಟೂಲ್‌ನಿಕ್ಸ್‌ನ ದಾರಿಯನ್ನೇ ಹಿಡಿಯಿರಿ.

ತುಂಡುಗಳ ಸಮಸ್ಯೆ ನಮ್ಮಲ್ಲಿ ವಿಪರೀತ. ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಮೆಮೊರಿ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ವೇಗದಲ್ಲಿ ಅದು ತುಂಬಲು ಸುಮಾರು 70 ನಿಮಿಷ. ರಾತ್ರಿ 9ರಿಂದ ಬೆಳಗ್ಗೆ 6ರ ತನಕದ ಆಟ ಎಂಟು ತುಂಡಾಗುತ್ತದೆ. ಇವನ್ನು ಕಾಪಿ ಆಜ್ಞೆಯಿಂದ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುವ ಅಭ್ಯಾಸ ಕೆಲವರಿಗಿದೆ. ಎಂಪಿ4 ಆದರೆ ಮೊದಲ ತುಂಡು ಮಾತ್ರ ಓಡುತ್ತದೆ. ಎಂಟಿಎಸ್ ಆದರೆ ಓಡಬಹುದು, ಆದರೆ ತುಂಡು ಸೇರಿದಲ್ಲಿ ಸಮಯದ ಮುದ್ರೆ ಎಡವಿ, ಹಾರುವಾಗ ದಾರಿ ತಪ್ಪುತ್ತದೆ. ಎಂಕೆವಿಟೂಲ್‌ನಿಕ್ಸ್‌ನಲ್ಲಿ ಮೊದಲ ತುಂಡು ಹಾಕಿದ ಮೇಲೆ ಉಳಿದವನ್ನು ಅಪೆಂಡ್ ಎಂಬ ಆಯ್ಕೆಯಿಂದ ಅನುಕ್ರಮವಾಗಿ ಸೇರಿಸಬೇಕು. ಬರೇ ಆಡ್ ಒತ್ತಿದರೆ ಎಂಟು ವಿಡಿಯೋಗಳು ಒಂದರ ಮೇಲೊಂದು ಕೂರುತ್ತವೆ.

ಹಾರುವುದೇನೋ ಹಾರುತ್ತದೆ, ಆದರೆ ಬೇಕಾದಲ್ಲಿಗಿಂತ ಏಳೆಂಟು ಸೆಕೆಂಡು ಹಿಂದೆ ಇಳಿಯುತ್ತದೆ ಎನ್ನುವುದು ಬೇರೆಯೇ ಕಾಯಿಲೆ. ವಿಡಿಯೋದಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಕೀಫ್ರೇಮ್ ಪೂರ್ತಿ ಇರುತ್ತದೆ. ನಡುವಿನವು ಆದ ಬದಲಾವಣೆಯನ್ನಷ್ಟೇ ಹೊತ್ತಿರುತ್ತವೆ. ಪ್ಲೇಯರ್ ಇಳಿಯಲು ಸಾಧ್ಯವಾಗುವುದು ಕೀಫ್ರೇಮಿನಲ್ಲಿ. ವಿಡಿಯೋವನ್ನು ಕುಗ್ಗಿಸಿ ಬರೆಯುವ ಎಕ್ಸ್264 ಎನ್‌ಕೋಡರಿನ ಮೂಲ ಹೊಂದಿಕೆಯಲ್ಲಿ ಎರಡು ಕೀಫ್ರೇಮುಗಳ ನಡುವೆ ಹೆಚ್ಚೆಂದರೆ 250 ಫ್ರೇಮು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 10 ಸೆಕೆಂಡು. ದೃಶ್ಯ ಥಟ್ಟನೆ ಬದಲಾದಾಗ ಎನ್‌ಕೋಡರ್ ತಾನಾಗಿ ಕೀಫ್ರೇಮ್ ಹಾಕುತ್ತದೆ. ಸಿನಿಮಾಕ್ಕೆ ಇದು ವರ. ಆದರೆ ರಂಗಸ್ಥಳದೆದುರು ಟ್ರೈಪಾಡ್ ಊರಿ ಒಂದೇ ಕ್ಯಾಮೆರಾ ಬೆಳಗಿನ ತನಕ ನಿಂತರೆ ದೃಶ್ಯ ಬದಲಾಗುವುದೆಲ್ಲಿ? ಬಣ್ಣದ ವೇಷ ಬಂದು ಬೊಬ್ಬೆ ಹೊಡೆದರೂ ಹಿನ್ನೆಲೆ ಅದೇ. ಹಾಗಾಗಿ ಪೂರ್ತಿ 10 ಸೆಕೆಂಡಿನ ಕಂದಕಗಳು ಉಳಿಯುತ್ತವೆ.

ಮೊದಲು ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್ ಟ್ಯಾಬಿಗೆ ಹೋಗಿ ಫಾಸ್ಟ್ ಸೀಕ್ ಗುರುತನ್ನು ತೆಗೆದು ನೋಡಿ. ಆಗ ಕೀಫ್ರೇಮಿನಿಂದ ಬೇಕಾದ ಜಾಗದ ತನಕ ಒಳಗೊಳಗೇ ಬಿಡಿಸಿ ತೋರಿಸುತ್ತದೆ. ತುಸು ತಡ, ಆದರೆ ನಿಖರ. ಟಿವಿಯಲ್ಲೂ ಚುರುಕಾಗಿ ಹಾರಬೇಕೆಂದರೆ ಮಾತ್ರ ಮರುಎನ್‌ಕೋಡ್, ಎಂದರೆ ಇಡೀ ವಿಡಿಯೋವನ್ನು ಹೊಸದಾಗಿ ಬರೆಯುವುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಕನ್ವರ್ಟರಿನಲ್ಲಿ ಎಕ್ಸ್264 ಆರಿಸಿ, ಗುಣಮಟ್ಟ 20ರಿಂದ 22, ಫ್ರೇಮ್‌ರೇಟ್ ಕಾನ್‌ಸ್ಟಂಟ್ ಇಡಿ. ವಿಡಿಯೋ ಟ್ಯಾಬಿನ ಹೆಚ್ಚುವರಿ ಆಯ್ಕೆಗಳ ಪೆಟ್ಟಿಗೆಯಲ್ಲಿ ಕೀಫ್ರೇಮುಗಳ ನಡುವಿನ ಗರಿಷ್ಠ ಅಂತರವಾದ ಕೀಇಂಟ್ ಎಂಬುದಕ್ಕೆ 50 ಕೊಡಿ (keyint=50). ಸೆಕೆಂಡಿಗೆ 30 ಫ್ರೇಮಿನ ವಿಡಿಯೋ ಆದರೆ 60. ಆಗ ಕಂದಕ 2 ಸೆಕೆಂಡಿಗೆ ಇಳಿಯುತ್ತದೆ. ಫೈಲ್ ಸ್ವಲ್ಪ ದಪ್ಪವಾಗುತ್ತದೆ. ಅದಕ್ಕಿಂತ ಕಡಿಮೆ ಮಾಡುವುದು ಬರೇ ಜಾಗ ದಂಡ.

ಮೊಬೈಲಿನಲ್ಲಿ ಹಿಡಿದದ್ದಾದರೆ ಫ್ರೇಮ್‌ರೇಟ್ ಬದಲಾಗುತ್ತಿರುತ್ತದೆ. ಚೆಂಡೆಯ ಪೆಟ್ಟಿಗೂ ಕೋಲಿಗೂ ತಾಳೆಯಾಗದೆ, ಮುಂದೆ ಹೋದಷ್ಟೂ ಅಂತರ ಹೆಚ್ಚುತ್ತಿದ್ದರೆ ಇದನ್ನೇ ಸಂಶಯಪಡಿ. ಅದೇ ಕಾನ್‌ಸ್ಟಂಟ್ ಆಯ್ಕೆ ಮದ್ದು.

ಅಂತರ್ಜಾಲಕ್ಕೆ ಹಾಕುವ ಎಂಪಿ4ಗೆ ಇನ್ನೊಂದು ಗಂಟು. ಅದರ ಇಂಡೆಕ್ಸ್ ಸಾಮಾನ್ಯವಾಗಿ ಫೈಲಿನ ಕೊನೆಯಲ್ಲಿರುತ್ತದೆ. ನೆಟ್‌ವರ್ಕ್ ನಿಧಾನವಿದ್ದರೆ ವಿಡಿಯೋ ಶುರುವಾಗಲೂ ಹಾರಲೂ ಸತಾಯಿಸುತ್ತದೆ. ಹ್ಯಾಂಡ್‌ಬ್ರೇಕ್‌ನ ವೆಬ್ ಆಪ್ಟಿಮೈಜ್ಡ್ ಗುರುತು ಅದನ್ನು ಮುಂದಕ್ಕೆ ತರುತ್ತದೆ. ಆಜ್ಞೆ ಬರೆದು ನಡೆಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಬಲ್ಲವರಿಗೆ ಫಾಸ್ಟ್‌ಸ್ಟಾರ್ಟ್ ಆಯ್ಕೆ ಇದೆ, ಮರುಎನ್‌ಕೋಡ್ ಬೇಡ.

ರೆಕಾರ್ಡಿಂಗ್ ನಡುವೆ ಕರೆಂಟು ಹೋದರೆ ಕೊನೆಯಲ್ಲಿ ಬರೆಯಬೇಕಾದ ಆ ಇಂಡೆಕ್ಸ್ ಬರೆಯುವುದೇ ಇಲ್ಲ. ಎಂಪಿ4 ತೆರೆಯುವುದೂ ಇಲ್ಲ. ಆ ಕಾರ್ಡಿಗೆ ಮತ್ತೇನನ್ನೂ ತುಂಬಬೇಡಿ. ಅದೇ ಕ್ಯಾಮೆರಾದಲ್ಲಿ, ಅದೇ ಹೊಂದಿಕೆಯಲ್ಲಿ ಹಿಡಿದ ಒಂದು ಸರಿಯಾದ ಫೈಲನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ತಂತ್ರಾಂಶ ಹಲವು ಬಾರಿ ಬದುಕಿಸುತ್ತದೆ. ಕಂಪ್ಯೂಟರಿನಲ್ಲಿ ಓಬಿಎಸ್ ಮೂಲಕ ರೆಕಾರ್ಡ್ ಮಾಡುವವರು ಎಂಕೆವಿಯಲ್ಲೇ ಮಾಡಿ, ಕೀಫ್ರೇಮ್ ಅಂತರ 2 ಸೆಕೆಂಡು ಇಡಿ. ಕರೆಂಟು ಹೋದರೂ ಅಲ್ಲಿಯ ತನಕದ ಆಟ ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರೀಮಕ್ಸ್‌ನಿಂದ ಎಂಪಿ4 ಮಾಡಿಕೊಳ್ಳಬಹುದು.

ಯಾವ ದಾರಿಯಲ್ಲಿ ಸರಿಪಡಿಸಿದರೂ ಹೊಸ ಫೈಲಿನಲ್ಲಿ ಮೊದಲು, ನಡುವೆ, ತುಂಡುಗಳು ಸೇರಿದ ಜಾಗಗಳಲ್ಲಿ ಮತ್ತು ಮಂಗಳಕ್ಕೆ ಐದು ನಿಮಿಷ ಮೊದಲು ಹಾರಿಸಿ ನೋಡಿ. ಆಮೇಲೆ ಮೂಲ ಫೈಲ್ ಅಳಿಸಿ.