ಗೋಲು ಹೊಡೆದರೆ ಸಾಲದು, ಇಂಗ್ಲಿಷಿನಲ್ಲಿ ಹೇಳಿ ದಕ್ಕಿಸಿಕೊಳ್ಳಬೇಕು

ಬಳ್ಳಾರಿಯಂಥ ಊರಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸೋರಿಗೆ ಈ ಲೆಕ್ಕ ಗೊತ್ತೇ ಇರುತ್ತದೆ. ಮೊದಲ ವಾರ 25 ಜನ. ಟೆನ್ಸ್ ಶುರುವಾದ ವಾರ 15. ಪ್ಯಾಸಿವ್ ವಾಯ್ಸ್ ಹೊತ್ತಿಗೆ 6 ಜನ, ಅದರಲ್ಲೂ ಇಬ್ಬರು ಫ್ಯಾನಿನ ಗಾಳಿಗೆ ಬಂದೋರು. ನನ್ನದೂ ಆರೇಳು ವರ್ಷ ಹೀಗೇ ನಡೆಯಿತು.

ಈಗ ಸಂಜೆ ಬ್ಯಾಚಿನಲ್ಲಿ 28 ಜನ ಇದ್ದಾರೆ. ಎರಡನೇ ತಿಂಗಳಿಗೂ ಇಪ್ಪತ್ತಕ್ಕೆ ಕಡಿಮೆ ಆಗಲ್ಲ. ಎಲ್ಲಾ ಫುಟ್‌ಬಾಲ್ ಮಹಿಮೆ. ಶುರು ಮಾಡಿದಾಗ ನಮ್ಮ ಕಸುಬಿನವರೇ ನಕ್ಕಿದ್ದರು. "ಏನ್ ಸಾರ್, ಪಿ.ಟಿ. ಮೇಷ್ಟ್ರಾಗಿಬಿಟ್ರಾ?" ಅಂದಿದ್ದರು. ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

2022ರ ಡಿಸೆಂಬರ್ 18, ಭಾನುವಾರ. ಫುಟ್‌ಬಾಲ್ ವಿಶ್ವಕಪ್ಪಿನ ಅರ್ಜೆಂಟೀನಾ–ಫ್ರಾನ್ಸ್ ಫೈನಲ್. ಹುಡುಗರು ಕ್ಲಾಸ್ ಬಿಟ್ಟು ಹೋಗದಿರಲಿ ಅಂತ ಪ್ರೊಜೆಕ್ಟರ್ ಬಾಡಿಗೆಗೆ ತಂದಿದ್ದೆ, ಸುಮಾರು 1,800 ರೂಪಾಯಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಖರ್ಚು ಬೇರೆ. ಅರ್ಜೆಂಟೀನಾ 2-0 ಮುಂದಿತ್ತು. ಇನ್ನೇನು ಮುಗೀತು ಅನ್ನುವಾಗ ಕರೆಂಟ್ ಹೋಯಿತು. ಒಬ್ಬನ ಮೊಬೈಲಲ್ಲಿ ಮಾತ್ರ ಡೇಟಾ ಓಡುತ್ತಿತ್ತು, ಕಿವಿಯಲ್ಲಿ ಇಂಗ್ಲಿಷ್ ಕಾಮೆಂಟರಿ. ಎರಡು ತಿಂಗಳಿಂದ ನನ್ನ ಮುಂದೆ ಬಾಯಿ ಬಿಡದಿದ್ದ ಹುಡುಗ. ಕತ್ತಲಲ್ಲಿ ಕೂಗಿದ: "ಪೆನಾಲ್ಟಿ! ಎಂಬಾಪೆ ಸ್ಕೋರ್ಸ್!" ಫ್ರಾನ್ಸಿನ ಆಟಗಾರ ಗೋಲು ಹೊಡೆದಿದ್ದ. ಎಲ್ಲರೂ ಈ ಹುಡುಗನ ಮೇಲೆ ಬಿದ್ದರು. ಒಂದೂವರೆ ನಿಮಿಷ ಆಗಿತ್ತೋ ಇಲ್ಲವೋ, "ಎಂಬಾಪೆ ಎಗೇನ್! ಟು ಟು!" "ಹೌ? ಹೌ?" ಅಂತ ಹಿಂದಿನಿಂದ ಯಾರೋ. ಅವನಿಗೆ ಹೇಳದೆ ವಿಧಿಯೇ ಇರಲಿಲ್ಲ, ನೋಡಿದವನು ಅವನೊಬ್ಬನೇ ಅಲ್ವಾ. ಕರೆಂಟ್ ಬಂತು. ಮ್ಯಾಚ್ 3-3 ಆಗಿ, ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4-2 ಗೆದ್ದಿತು. ನನ್ನ ತಲೆಯಲ್ಲಿ ಮಾತ್ರ ಆ ಹುಡುಗನ ಕೂಗೇ ಕೂತಿತ್ತು.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ಮಾಡಿದ್ದೆಲ್ಲ ದಂಡ. ಮೊದಲು 6,500 ಕೊಟ್ಟು ಹಳೇ ಟಿವಿ ತಂದೆ. ಶನಿವಾರ ರಾತ್ರಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಹಾಕಿದೆ. ಎಲ್ಲರೂ ನೋಡಿದರು, ಯಾರೂ ಮಾತಾಡಲಿಲ್ಲ. ಆಮೇಲೆ ಕನ್ನಡ ಮಾತಾಡಿದರೆ 5 ರೂಪಾಯಿ ದಂಡ ಅಂದೆ. ಎರಡು ವಾರಕ್ಕೆ 340 ರೂಪಾಯಿ ಕೂಡಿತು. ಮೂರನೇ ವಾರದಿಂದ ಪೂರ್ತಿ ಮೌನ. ಸುಮ್ನೆ ಇರೋದಕ್ಕೆ ದಂಡ ಇಲ್ಲವಲ್ಲ.

ಸರಿ, ಆಡಿಯೇಬಿಡೋಣ ಅಂತ ಊರಾಚೆ ಒಂದು ಖಾಲಿ ಜಾಗ ಹಿಡಿದೆ. ತಿಂಗಳಿಗೆ 1,500 ಬಾಡಿಗೆ. ಸುತ್ತ ಬಳ್ಳಾರಿ ಜಾಲಿ. ನಮ್ಮೂರ ಹೆಸರಿನ ಆ ಗಿಡ ನಮ್ಮ ಚೆಂಡುಗಳನ್ನೇ ತಿಂದಿತು. ಒಂದೇ ತಿಂಗಳಲ್ಲಿ ಮೂರು ಚೆಂಡು, ಒಂದೊಂದಕ್ಕೆ ಏಳೆಂಟು ನೂರು. ಒಬ್ಬ ಹುಡುಗನ ತಂದೆ ಬಂದು, "ಚೆಂಡು ಒದೆಯೋಕೆ 1,200 ಫೀಸಾ ಮೇಷ್ಟ್ರೆ?" ಅಂತ ಕೇಳಿ, ಮಗನ ಕೈ ಹಿಡಿದು ಕರೆದುಕೊಂಡು ಹೋದರು. ಅವರ ಹಿಂದೆ ಇನ್ನೂ ಹತ್ತು ಜನ ಹೋದರು. ಆ ತಿಂಗಳು ಏನಿಲ್ಲವೆಂದರೂ 14,000 ಕೈಬಿಟ್ಟಿತು. ಮನೆಯಲ್ಲಿ ಆ ವಿಷಯ ಇವತ್ತಿಗೂ ಎತ್ತುತ್ತಾರೆ.

ಕೊನೆಗೆ ಗೆದ್ದಿದ್ದು ಒಂದು ರೂಲಿನಿಂದ. ಗೋಲು ಆದ ತಕ್ಷಣ ಲೆಕ್ಕಕ್ಕಿಲ್ಲ. ಹೊಡೆದವನ ಟೀಮಿನಲ್ಲಿ ಚೆಂಡು ಮುಟ್ಟದ ಒಬ್ಬ ಮುಂದೆ ಬಂದು, ಗೋಲು ಹೇಗಾಯಿತು ಅಂತ ಮೂರು ವಾಕ್ಯದಲ್ಲಿ ಹೇಳಬೇಕು. ಎದುರಿನವರು ಮೂರು ಪ್ರಶ್ನೆ ಕೇಳಬಹುದು. ತಡವರಿಸಿದರೆ ಪರವಾಗಿಲ್ಲ, ನಡೆದದ್ದೇ ಬೇರೆ ಅಂತ ಅರ್ಥ ಬಂದರೆ ಗೋಲು ಹೋಯಿತು. ನಾನು ಗೋಲು ನೋಡಲ್ಲ, ವಾಕ್ಯ ನೋಡುತ್ತೇನೆ. ಹುಡುಗರು ಇದಕ್ಕೆ ವಿಎಆರ್ ಅಂತ ಹೆಸರಿಟ್ಟರು, ದೊಡ್ಡ ಮ್ಯಾಚಲ್ಲಿ ವಿಡಿಯೊ ನೋಡಿ ರೆಫರಿ ತೀರ್ಪನ್ನು ಮತ್ತೆ ಪರೀಕ್ಷಿಸ್ತಾರಲ್ಲ, ಅದರ ಹೆಸರು. ಗೋಲು ಕಸಿದುಕೊಂಡರೆ ಯಾರು ಸುಮ್ನಿರ್ತಾರೆ? ಮೂಗನಿಗೂ ಮಾತು ಬರುತ್ತದೆ. ಮೂರು ವಾಕ್ಯ ಹೇಳೋಕೆ ಯಾರನ್ನು ಕರೆಯಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಹೇಳಲ್ಲ, ಬೇಜಾರು ಮಾಡ್ಕೋಬೇಡಿ.

ಒಂದು ಸಂಜೆಯ ಜಗಳ ಹೇಳಲೇಬೇಕು. ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಡುವ ಒಬ್ಬರಿದ್ದಾರೆ, ಎಲ್ಲರೂ ಮಾಸ್ಟರ್ ಅಂತಾರೆ. ತಮ್ಮ ಟೀಮಿನವನು ಆಫ್‌ಸೈಡ್ ಅಲ್ಲ, ಅಂದರೆ ಪಾಸ್ ಕೊಟ್ಟ ಗಳಿಗೆಯಲ್ಲಿ ಎದುರಿನ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಹತ್ತಿರ ಹೋಗಿರಲಿಲ್ಲ ಅಂತ ವಾದಿಸೋಕೆ ಹೊರಟರು. "ವೆನ್ ಹಿ ಪಾಸ್ಡ್, ದಿಸ್ ಬಾಯ್ ವಾಸ್ ಬಿಹೈಂಡ್ ದಿ ಡಿಫೆಂಡರ್" ಅಂದರು. ಹಿಂದೆ ಇದ್ದ, ಅಂದರೆ ಮುಂದೆ ಹೋಗಿರಲಿಲ್ಲ ಅಂತ ಅವರ ಲೆಕ್ಕ. ಎದುರಿನವನು ದಿನಾ ಕಾಮೆಂಟರಿ ಕೇಳುವ ಹುಡುಗ, ಕುಣಿದುಬಿಟ್ಟ. "ಬಿಹೈಂಡ್ ದಿ ಡಿಫೆಂಡರ್ ಮೀನ್ಸ್ ಆಫ್‌ಸೈಡ್ ಓನ್ಲಿ, ಮಾಸ್ಟರ್!" ಕಾಮೆಂಟರಿಯಲ್ಲಿ ಡಿಫೆಂಡರ್ ಬೆನ್ನಿಗೂ ಗೋಲಿಗೂ ನಡುವಿನ ಜಾಗಕ್ಕೇ ಬಿಹೈಂಡ್ ಅನ್ನೋದು. ಪಾಪ ಮಾಸ್ಟರ್, ತಮ್ಮವನನ್ನು ತಾವೇ ಸಿಕ್ಕಿಸಿದ್ದರು.

ಜಗಳ ಮಿರ್ಚಿ ಬಂಡಿಗೆ ಬಂತು. ಮಾಸ್ಟರ್ ಪೇಪರ್ ಹಾಸಿ, ಎರಡು ಮಿರ್ಚಿ ಡಿಫೆಂಡರ್ ಅಂತ ಇಟ್ಟರು. ಚಟ್ನಿ ಬಟ್ಟಲು ಗೋಲ್‌ಕೀಪರ್. ಕಚ್ಚಿದ ಮಿರ್ಚಿ ಅವರ ಹುಡುಗ. ಪಾಸ್ ಕೊಟ್ಟ ಗಳಿಗೆಯಲ್ಲಿ ಯಾರು ಎಲ್ಲಿದ್ದರು ಅಂತ ಒಂದೊಂದನ್ನೇ ಸರಿಸುತ್ತಾ, ವಾಸ್ ಸ್ಟ್ಯಾಂಡಿಂಗ್, ವಾಸ್ ರನ್ನಿಂಗ್ ಅಂತ ಅರ್ಧ ಗಂಟೆ ಮಾತಾಡಿದರು. ನಾನು ಮೂರು ವಾರ ಬೋರ್ಡ್ ಮೇಲೆ ಬರೆದಿದ್ದ ಪಾಸ್ಟ್ ಕಂಟಿನ್ಯೂಯಸ್ ಅದು. ಕೊನೆಗೆ ಬಂಡಿಯವನು ಡಿಫೆಂಡರ್‌ನ ತಿನ್ನೋದಾದ್ರೆ ತಿನ್ರಿ, ಆರ್ತದೆ ಅಂದ. ಈಗ ಮಾಸ್ಟರ್ ಕೇರಳದ ವ್ಯಾಪಾರಿಗಳ ಫೋನ್ ತಾವೇ ಎತ್ತುತ್ತಾರೆ. ಮೊದಲು ಓನರ್ ಮಗನ ಕೈಗೆ ಕೊಡುತ್ತಿದ್ದರು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಭಾನುವಾರ ಕೆಲವರು ಬರುತ್ತಾರೆ. ಬಂಗಾಳದವರು, ಮಲಯಾಳಿಗಳು. ಅಲ್ಲೇ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನೋ ಕ್ರೀಡಾ ತರಬೇತಿ ಕೇಂದ್ರ ಶುರುವಾಯಿತು, ಬೆಂಗಳೂರು ಎಫ್‌ಸಿ ಟೀಮೂ ಅಲ್ಲಿ ತಯಾರಿ ಮಾಡಿತ್ತು. ಹಾಗಾಗಿ ಆ ಕಡೆಯ ಹುಡುಗರಿಗೆ ಫುಟ್‌ಬಾಲ್ ಹೊಸದಲ್ಲ. ತೊಂದರೆ ಅಂದರೆ ಹಿಂದಿ. ಎರಡು ನಿಮಿಷಕ್ಕೆ ಎಲ್ಲರೂ ಅದಕ್ಕೆ ಜಾರುತ್ತಾರೆ. ಹಿಂದಿ ಆಡಿದರೆ ಎದುರಿನವರಿಗೆ ಫ್ರೀ ಕಿಕ್ ಕೊಟ್ಟು ನೋಡಿದೆ, ಮತ್ತೆ ಎಲ್ಲರ ಬಾಯಿ ಬಂದ್. ಬರೀ ಥ್ರೋ-ಇನ್ ಕೊಟ್ಟೆ, ಸರಿಹೋಯಿತು. ಶಿಕ್ಷೆ ಸಣ್ಣದಾಗಿ ಚುಚ್ಚಬೇಕು ಅಷ್ಟೇ.

ಕ್ರಿಕೆಟ್ಟಲ್ಲೂ ಮಾಡಿ ನೋಡಿದೆ. ಆಗಲಿಲ್ಲ. ಕ್ರಿಕೆಟ್ ಬಗ್ಗೆ ನಮ್ಮೋರಿಗೆ ಕನ್ನಡದಲ್ಲೇ ಮಾತು ಜಾಸ್ತಿ ತಯಾರಿರುತ್ತದೆ. ಕಬಡ್ಡಿಯಲ್ಲಿ ಬಾಯಿ ಒಂದೇ ಪದಕ್ಕೆ ಮೀಸಲು.

ಚೆನ್ನಾಗಿ ಬಂದಿದ್ದು ಮಧ್ಯಾಹ್ನದ ಹೆಂಗಸರ ಬ್ಯಾಚು. 42 ಡಿಗ್ರಿ ಬಿಸಿಲಲ್ಲಿ ಅವರನ್ನು ಎಲ್ಲಿ ಆಡಿಸಲಿ? ಕೇರಂ ಬೋರ್ಡ್ ಮೇಲೆ ಜೀನ್ಸ್ ಗುಂಡಿ ಇಟ್ಟೆವು. ತಾಮ್ರದ ಬಣ್ಣದ್ದು 11, ಬೆಳ್ಳಿ ಬಣ್ಣದ್ದು 11. ಗುಂಡಿ ಕೊಟ್ಟಿದ್ದು ಮಾಸ್ಟರೇ. ಒಬ್ಬರು ಟಿವಿ ನೋಡಿ ಹೇಳಬೇಕು, ಸೌಂಡ್ ಬಂದ್. ಇನ್ನೊಬ್ಬರು ಟಿವಿಗೆ ಬೆನ್ನು ಮಾಡಿ, ಕೇಳಿದ ಹಾಗೆ ಗುಂಡಿ ಸರಿಸಬೇಕು. ಆಟ ನಡೆಯುವಾಗ ಪಾಸಸ್, ಶೂಟ್ಸ್. ನಿಲ್ಲಿಸಿದ ಮೇಲೆ ಪಾಸ್ಡ್, ಶಾಟ್. ಟೆನ್ಸ್ ಅನ್ನೋ ಪದ ನಾನು ಒಮ್ಮೆಯೂ ಎತ್ತಲಿಲ್ಲ. ಒಬ್ಬ ಟೇಲರಮ್ಮ ಹುಡುಗರಿಗಿಂತ ಬೇಗ ಹಿಡಿದರು. ಮೊದಲ ದಿನ ಅವರಿಗೆ ಆಟದಲ್ಲಿ ಎಷ್ಟು ಜನ ಅನ್ನೋದೂ ಗೊತ್ತಿರಲಿಲ್ಲ. ಈಗ ಸುನಿಲ್ ಛೆಟ್ರಿ ಭಾರತದ ಪರ 95 ಗೋಲು ಹೊಡೆದಿದ್ದನ್ನು ನನಗೇ ಹೇಳಿಕೊಡುತ್ತಾರೆ.

ದುಡ್ಡಿನ ಲೆಕ್ಕ: ಟಿವಿ, ಚೆಂಡು, ಬಾಡಿಗೆ ಎಲ್ಲಾ ಸೇರಿ 40,000 ಹತ್ತಿರ ಹೋಗಿರಬೇಕು. ವಾಪಸ್ ಬರೋಕೆ ಒಂದೂವರೆ ವರ್ಷ ಹಿಡಿಯಿತು. ಕಳೆದ ವರ್ಷ ಎಂಟೋ ಒಂಬತ್ತೋ ಜನ ಇಂಟರ್‌ವ್ಯೂ ಪಾಸಾದರು. ಅಂದು ಮಗನನ್ನು ಕರೆದುಕೊಂಡು ಹೋದ ತಂದೆ ಈಗ ಎರಡನೇ ಮಗನನ್ನು ತಂದು ಬಿಟ್ಟಿದ್ದಾರೆ. ಫೀಸು 1,500 ಆಗಿದೆ ಅಂದೆ, ಕೊಟ್ಟರು.

ಮೊನ್ನೆ ಶನಿವಾರದ ಒಂದು ಗೋಲು ಇನ್ನೂ ತೀರ್ಮಾನ ಆಗಿಲ್ಲ. ಚೆಂಡು ಮೊಣಕೈಗೆ ತಾಗಿತು ಅಂತ ಒಂದು ಗುಂಪು, ಭುಜಕ್ಕೆ ಅಂತ ಇನ್ನೊಂದು. ರಾತ್ರಿ ಹನ್ನೊಂದೂವರೆವರೆಗೆ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಲೇ ಇದ್ದರು, ಎಲ್ಲಾ ಇಂಗ್ಲಿಷೇ. ನಾನು ಫೋನ್ ಸೈಲೆಂಟ್ ಮಾಡಿ ಮಲಗಿದೆ.