ಸಿಗ್ನಲ್ ಇಲ್ಲದ ದಾರಿಗೆ ಫೋನ್ ಹುಡುಕಿದ ಕತೆ

2024ರ ಆಗಸ್ಟ್. ಕ್ಯಾಲಿಫೋರ್ನಿಯಾದ ಬಿಷಪ್ ಅನ್ನೋ ಸಣ್ಣ ಊರಿನ ಮೇಲ್ಗಡೆ ಸೌತ್ ಲೇಕ್ ಇದೆ. ಅಲ್ಲಿಂದ ಬಿಷಪ್ ಪಾಸ್‌ಗೆ ನಡೆದು ಹೋಗುವ ದಾರಿ, ಸುಮಾರು 12,000 ಅಡಿ ಎತ್ತರಕ್ಕೆ. ನಾನೂ ನನ್ನ ಗೆಳೆಯನೂ ಬೆಳಿಗ್ಗೆ ಬೇಗ ಹೊರಟಿದ್ದೆವು. ಇಳಿಯುವಾಗ ಲಾಂಗ್ ಲೇಕ್ ಹತ್ತಿರ ಅವನ ಕಾಲು ಉಳುಕಿತು. ಮೂಳೆ ಮುರಿದಿರಲಿಲ್ಲ. ನಡೆಯಬಹುದಿತ್ತು, ಆದರೆ ಹತ್ತು ಹೆಜ್ಜೆಗೊಮ್ಮೆ ಕೂರಬೇಕಿತ್ತು.

ಸಂಜೆ ಆರಕ್ಕೆ ಫೋನ್ ಮಾಡ್ತೀನಿ ಅಂತ ಹೆಂಡತಿಗೆ ಹೇಳಿ ಬಂದಿದ್ದೆ. ಕಾರು ಮುಟ್ಟಿ, ಬಿಷಪ್ ಕಡೆ ಇಳಿದು, ಮೊದಲ ಸಿಗ್ನಲ್ ಸಿಕ್ಕಾಗ ರಾತ್ರಿ ಹತ್ತೂವರೆ. ಫ್ರೀಮಾಂಟ್‌ನ ಮನೆಯಲ್ಲಿ ಅವಳು ಅಡುಗೆಮನೆಯ ಮೇಜಿನ ಮೇಲೆ ಶೆರಿಫ್ ಕಚೇರಿಯ ನಂಬರ್ ಬರೆದಿಟ್ಟುಕೊಂಡು ಕೂತಿದ್ದಳು. ಹನ್ನೊಂದಾದರೆ ಫೋನ್ ಮಾಡೋದು ಅಂತ ಗಟ್ಟಿ ಮಾಡಿಕೊಂಡಿದ್ದಳು. ಇಲ್ಲಿ ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕಿಸುವವರು ಕೌಂಟಿಯ ಶೆರಿಫ್, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು. ಇನ್ನರ್ಧ ಗಂಟೆ ತಡವಾಗಿದ್ದರೆ ಯಾರೋ ಪುಣ್ಯಾತ್ಮರು ನಡುರಾತ್ರಿ ಟಾರ್ಚ್ ಹಿಡಿದು ನಮ್ಮನ್ನು ಹುಡುಕಲು ಹೊರಡುತ್ತಿದ್ದರು.

ಆ ದಿನ ನಮಗೆ ಹೆಲಿಕಾಪ್ಟರ್ ಬೇಕಿರಲಿಲ್ಲ. 'ತಡ ಆಗ್ತದೆ, ಚಿಂತೆ ಬೇಡ' ಅನ್ನೋ ಒಂದು ಸಾಲು ಮನೆಗೆ ಮುಟ್ಟಿದ್ದರೆ ಸಾಕಿತ್ತು. ಸಿಗ್ನಲ್ ಇಲ್ಲದ ಕಡೆ ಸ್ಯಾಟಲೈಟ್, ಅಂದರೆ ಉಪಗ್ರಹದ ಮೂಲಕ ಸುದ್ದಿ ಕಳಿಸುವ ಫೋನ್ ಹುಡುಕಲು ಕೂತಾಗ ನಾನು ಇದೊಂದನ್ನೇ ಮನಸ್ಸಲ್ಲಿಟ್ಟುಕೊಂಡೆ.

'ಸ್ಯಾಟಲೈಟ್ ಇದೆ' ಅಂತ ಅಂಗಡಿಯವರು ಹೇಳಿದರೆ ಮೊದಲು ಕೇಳಬೇಕಾದ್ದು, ಅದರಿಂದ ಏನು ಮಾಡಬಹುದು ಅಂತ. ತುರ್ತು ಸಹಾಯ ಕರೆಯೋದು ಒಂದು, ಮನೆಯವರಿಗೆ ಮೆಸೇಜ್ ಮಾಡೋದು ಇನ್ನೊಂದು. ಆಪಲ್ 2022ರ ನವೆಂಬರ್‌ನಲ್ಲಿ ಐಫೋನ್ 14ಕ್ಕೆ ಕೊಟ್ಟಿದ್ದು ತುರ್ತು ಎಸ್‌ಓಎಸ್ ಸೇವೆ. ಅದರಿಂದ ಹೆಂಡತಿಗೆ 'ಲೇಟು' ಅಂತ ಬರೆಯೋಕೆ ಆಗುತ್ತಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಐಫೋನಿನ ಹೊಸ ತಂತ್ರಾಂಶ ಐಓಎಸ್ 18 ಬಂದ ಮೇಲೆ ಅಮೆರಿಕದಲ್ಲಿ ಮಾಮೂಲಿ ಮೆಸೇಜೂ ಹೋಗತೊಡಗಿತು. ಐಫೋನ್ 14ರಿಂದ ಮೇಲಿನವೆಲ್ಲಕ್ಕೂ ಇದು ಸಿಕ್ಕಿತು. ನನಗೆ ಬೇಕಾದ್ದು ಇದೇ.

ಆದರೂ ತಕ್ಷಣ ಕೊಳ್ಳಲಿಲ್ಲ. ಇನ್ನೊಬ್ಬ ಗೆಳೆಯನ ಹತ್ತಿರ ಗಾರ್ಮಿನ್ ಇನ್‌ರೀಚ್ ಮಿನಿ ಅನ್ನೋ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ಇತ್ತು, ಎರವಲು ತಂದು ನೋಡಿದೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು, ತೂಕ ನೂರು ಗ್ರಾಂ. ಅದು ಮಾತಾಡುವುದು ಇರಿಡಿಯಮ್ ಉಪಗ್ರಹಗಳ ಜೊತೆ. 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ಒಂದು ಇನ್ನೊಂದಕ್ಕೆ ಸುದ್ದಿ ದಾಟಿಸುತ್ತವೆ. ಹಾಗಾಗಿ ನಡುಸಮುದ್ರದಲ್ಲೂ ಕೆಲಸ ಮಾಡುತ್ತದೆ. ಐಫೋನ್ ನೆಚ್ಚಿಕೊಂಡಿರುವ ಗ್ಲೋಬಲ್‌ಸ್ಟಾರ್ ಉಪಗ್ರಹಗಳು ಹಾಗಲ್ಲ. ಅವು 1,400 ಕಿ.ಮೀ. ಎತ್ತರದಲ್ಲಿ ಕನ್ನಡಿ ಇದ್ದ ಹಾಗೆ. ಫೋನಿನಿಂದ ಬಂದದ್ದನ್ನು ಹಾಗೇ ನೆಲದ ಮೇಲಿನ ಕೇಂದ್ರಕ್ಕೆ ಇಳಿಸುತ್ತವೆ. ನಾನೂ ಆ ನೆಲದ ಕೇಂದ್ರವೂ ಎರಡೂ ಒಂದೇ ಉಪಗ್ರಹದ ಕಣ್ಣಳತೆಯಲ್ಲಿರಬೇಕು. ಕೆಲವು ದೇಶಗಳಲ್ಲಿ ಮಾತ್ರ ಸೇವೆ ಇರೋದಕ್ಕೆ ಇದೂ ಒಂದು ಕಾರಣ.

ಅಲಾಸ್ಕಾದ ಒಳಗೆ ವಾರಗಟ್ಟಲೆ ಹೋಗುವವರಾದರೆ ಇನ್‌ರೀಚ್ ತಗೊಳ್ಳಿ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ನಾನು ವರ್ಷಕ್ಕೆ ನಾಲ್ಕೈದು ದಿನ ಬೆಟ್ಟ ಹತ್ತುವವನು. ಬೇರೆ ಸಾಧನ, ಅದಕ್ಕೊಂದು ಚಾರ್ಜು, ಮೇಲಿಂದ ತಿಂಗಳ ದುಡ್ಡು. ನನಗೆ ಜಾಸ್ತಿ ಅನಿಸಿತು.

ಕಡಿಮೆ ಬೆಲೆಗೆ ಹುಡುಕುವಾಗ ಎರಡು ಕಡೆ ಎಡವುವುದರಲ್ಲಿದ್ದೆ. ಗೂಗಲ್ ಪಿಕ್ಸೆಲ್ 9ರಲ್ಲಿ ಸ್ಯಾಟಲೈಟ್ ಎಸ್‌ಓಎಸ್ ಇದೆ ಅಂತ ಓದಿದ್ದೆ. ಅದೇ ಸಾಲಿನ 9ಎ ಅಗ್ಗಕ್ಕೆ ಬಂತು. ಆರ್ಡರ್ ಹಾಕುವ ಮುಂಚೆ ವಿವರಗಳ ಪಟ್ಟಿ ಪೂರ್ತಿ ಓದಿದೆ. 9ಎಯಲ್ಲಿ ಅದಿಲ್ಲ! ಹೆಸರು ಒಂದೇ, ಒಳಗಿನ ಸಾಮಾನು ಬೇರೆ. ಪಿಕ್ಸೆಲ್ 9ನ್ನೇ ತಗೊಂಡರೂ ಮನೆಯವರಿಗೆ ಮೆಸೇಜ್ ಹೋಗೋದು ಯಾವ ಮೊಬೈಲ್ ಕಂಪನಿಯ ಸಿಮ್ ಅನ್ನೋದರ ಮೇಲೆ ನಿಂತಿತ್ತು.

ಎರಡನೆಯದು ಹಳೇ ಐಫೋನ್ 14. ಒಬ್ಬರು ಮಾರಲು ತಂದಿದ್ದರು. ಹೊಸದರಂತೇ ಇತ್ತು, ಬೆಲೆಯೂ ಚೆನ್ನಾಗಿತ್ತು. ಅಂಚಿನ ಮೇಲೆ ಬೆರಳಾಡಿಸಿದೆ, ಸಿಮ್ ಹಾಕುವ ಟ್ರೇ ಸಿಕ್ಕಿತು. ಅಮೆರಿಕದಲ್ಲಿ ಮಾರಿದ ಐಫೋನ್ 14ಕ್ಕೆ ಟ್ರೇಯೇ ಇರೋದಿಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಪಿನ್ನಿನಿಂದ ಟ್ರೇ ತೆಗೆಸಿ ನೋಡಿದರೆ ಹಿಂದೊಂದು ಮುಂದೊಂದು, ಎರಡು ಸಿಮ್ ಕೂರುವ ಜಾಗ. ಅದು ಚೀನಾ ಕಡೆಯ ಮಾದರಿ. ಚೀನಾದಲ್ಲಿ ಮಾರಿದ ಐಫೋನ್‌ಗಳಿಗೆ ಈ ಸ್ಯಾಟಲೈಟ್ ಸೇವೆ ಇಲ್ಲ. ಮಾರುವವರಿಗೂ ಗೊತ್ತಿರಲಿಲ್ಲ ಪಾಪ. ಮುಂದಿನ ವಾರ ಟ್ರೇ ಇಲ್ಲದ ಫೋನ್ ಒಂದು 300 ಡಾಲರ್ ಆಸುಪಾಸಿಗೆ ಸಿಕ್ಕಿತು. 2025ರ ಮೇ ತಿಂಗಳು ಅದು. ಸೇವೆಗೆ ಎರಡು ವರ್ಷ ದುಡ್ಡಿಲ್ಲ ಅಂತ ಆಪಲ್ ಮೊದಲು ಹೇಳಿತ್ತು, ಆಮೇಲೆ ಹಳೇ ಫೋನಿನವರಿಗೆ ಅವಧಿ ಮುಂದಕ್ಕೆ ಹಾಕಿತು. ನಾನು ಈವರೆಗೆ ಬೇರೆ ಏನೂ ಕಟ್ಟಿಲ್ಲ.

ಫೋನ್ ತಂದ ಮೇಲೆ ಬಳಸೋದು ಕಲಿಯಬೇಕು. ಇದನ್ನು ದಯವಿಟ್ಟು ಬಿಡಬೇಡಿ. ಐಫೋನ್‌ನಲ್ಲಿ ಡೆಮೊ ಇದೆ. ನಿಜವಾದ ಉಪಗ್ರಹವನ್ನೇ ಹುಡುಕಿಸುತ್ತದೆ, ಆದರೆ ತುರ್ತು ಸೇವೆಗೆ ಕರೆ ಹೋಗೋದಿಲ್ಲ. ಮೊದಲ ದಿನ ಮನೆ ಹತ್ತಿರದ ಆಟದ ಮೈದಾನದಲ್ಲಿ ಮಾಡಿದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಪರದೆ ಹೇಳುತ್ತದೆ. ನಾವು ಫೋನ್ ಹಿಡಿದು ಮೆಲ್ಲಗೆ ತಿರುಗಬೇಕು. ಉಪಗ್ರಹ ಸೆಕೆಂಡಿಗೆ 7 ಕಿ.ಮೀ. ಓಡುತ್ತಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತಿಗೆ ಮತ್ತೆ ತಿರುಗು ಅನ್ನುತ್ತದೆ. ಬಯಲಲ್ಲಿ ಎಲ್ಲಾ ಸಲೀಸು.

ಇನ್ನೊಂದು ವಾರ ಬಿಟ್ಟು ಸಾಂಟಾ ಕ್ರೂಜ್ ಬೆಟ್ಟದ ರೆಡ್‌ವುಡ್ ಕಾಡಿಗೆ ಹೋದೆ. ಆ ಮರಗಳ ಬುಡದಲ್ಲಿ ಆಕಾಶ ತಟ್ಟೆಯಷ್ಟು ಕಾಣುತ್ತದೆ. ನಾಲ್ಕು ನಿಮಿಷ ತಿರುಗಿದೆ, ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು, ಬಿಟ್ಟಿತು. ಹಳ್ಳದ ದಂಡೆಗೆ ಐವತ್ತು ಹೆಜ್ಜೆ ನಡೆದೆ. ಅಲ್ಲಿ ಮರ ಬಿದ್ದು ಮೇಲೆ ತೆರವಾಗಿತ್ತು. ಅರ್ಧ ನಿಮಿಷದಲ್ಲಿ ಮೆಸೇಜ್ ಹೋಯಿತು. ಬಯಲಲ್ಲಿ ಕೆಲವೇ ಸೆಕೆಂಡ್, ಸಾಧಾರಣ ಮರಗಳಿದ್ದರೆ ಒಂದು ನಿಮಿಷಕ್ಕೂ ಮೇಲೆ, ದಟ್ಟ ಕಾಡಾದರೆ ಹೋಗದೆಯೂ ಇರಬಹುದು ಅಂತ ಆಪಲ್ಲೇ ಹೇಳಿದೆ. ಕಾಲು ಮುರಿದು ಮರದ ಕೆಳಗೆ ಬಿದ್ದವರಿಗೆ ಆ ಐವತ್ತು ಹೆಜ್ಜೆ ಎಷ್ಟು ದೂರ ಅಂತ ಅವತ್ತು ನಿಂತು ಯೋಚಿಸಿದೆ. ಅಂದಿನಿಂದ ಕಾಡಿನಲ್ಲಿ ನಡೆಯುವಾಗ ತೆರವಾದ ಜಾಗಗಳನ್ನು ನೋಡಿಟ್ಟುಕೊಳ್ಳುತ್ತಾ ಹೋಗ್ತೀನಿ.

ಹೆಂಡತಿಯದು ಆಂಡ್ರಾಯ್ಡ್ ಫೋನ್, ಅವಳಿಗೆ ಹೋಗೋದು ಎಸ್‌ಎಂಎಸ್. ಅದು ಹೋಗಬೇಕಾದರೆ ನಮ್ಮ ಮೊಬೈಲ್ ಕಂಪನಿಯೂ ಒಪ್ಪಿರಬೇಕು, ಮೊದಲೇ ಕೇಳಿಕೊಂಡೆ. ಇನ್ನೊಂದು ಸಂಗತಿ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಅಕ್ಷರ 160 ಹಿಡಿಸಿದರೆ ಕನ್ನಡ ಲಿಪಿ 70 ಮಾತ್ರ. ಹಾಗಾಗಿ ನಾವಿಬ್ಬರೂ ಇದಕ್ಕೆ ಮಾತ್ರ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ಅಂತ ಮಾತಾಡಿಕೊಂಡೆವು.

ಅದೇ ವರ್ಷ ಜುಲೈನಲ್ಲಿ ಟಿ-ಮೊಬೈಲ್ ಅನ್ನೋ ಮೊಬೈಲ್ ಕಂಪನಿಯವರು ಸ್ಟಾರ್‌ಲಿಂಕ್ ಜೊತೆ ಸೇರಿ ಟಿ-ಸ್ಯಾಟಲೈಟ್ ಅನ್ನೋ ಉಪಗ್ರಹ ಮೆಸೇಜ್ ಸೇವೆ ಶುರು ಮಾಡಿದರು. ತಿಂಗಳಿಗೆ 10 ಡಾಲರ್. ಈಚಿನ ನಾಲ್ಕು ವರ್ಷದ ಹೆಚ್ಚಿನ ಫೋನ್‌ಗಳಿಗೆ ಆಗುತ್ತದೆ, ಬೇರೆ ಕಂಪನಿಯ ಗಿರಾಕಿಗಳೂ ಇ-ಸಿಮ್ ಹಾಕಿಕೊಂಡು ಬಳಸಬಹುದು, ಆಕಾಶಕ್ಕೆ ತಿರುಗಿಸುತ್ತಾ ಇರಬೇಕಿಲ್ಲ. ಎರಡು ತಿಂಗಳು ಕಾದಿದ್ದರೆ ನಾನು ಬೇರೆ ಫೋನನ್ನೇ ಕೊಳ್ಳುತ್ತಿರಲಿಲ್ಲವೇನೋ. ಈಗ ಯಾರಾದರೂ ಕೇಳಿದರೆ, ಕೈಯಲ್ಲಿರುವ ಫೋನ್ ಅವರ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ, ಆಮೇಲೆ ಅಂಗಡಿಗೆ ಹೋಗಿ ಅಂತೀನಿ.

ಆಗಸ್ಟ್‌ನಲ್ಲಿ ಅದೇ ಬಿಷಪ್ ಪಾಸ್‌ಗೆ ಮತ್ತೆ ಹೋದೆವು, ಅದೇ ಗೆಳೆಯನ ಜೊತೆ. ಮಧ್ಯಾಹ್ನ ಮಳೆ ಹಿಡಿಯಿತು. ಬಂಡೆಯ ಮರೆಯಲ್ಲಿ ಒಂದೂವರೆ ಗಂಟೆ ಕೂತೆವು. ಮಳೆ ಬಿಟ್ಟ ಮೇಲೆ ಲಾಂಗ್ ಲೇಕ್ ದಂಡೆಯಲ್ಲಿ ನಿಂತು ಬರೆದೆ: 'ಮಳೆ ಬಂತು. ಎರಡು ಗಂಟೆ ಲೇಟು. ಇಬ್ಬರೂ ಆರಾಮ್.' ಫೋನನ್ನು ಹಾಗೇ ಹಿಡಿದುಕೊಂಡಿದ್ದೆ. ಕೆಳಗಿಳಿಸಿದರೆ ಉತ್ತರ ಬರೋದಿಲ್ಲ. ಸ್ವಲ್ಪ ಹೊತ್ತಿಗೆ ಬಂತು: 'ಸರಿ. ನಿಧಾನಕ್ಕೆ ಬನ್ನಿ. ಅತ್ತೆಗೆ ಹೇಳ್ತೀನಿ.' ಗೆಳೆಯ ನನ್ನ ಕೈಯಿಂದ ಫೋನ್ ಇಸ್ಕೊಂಡು ಆ ಸಾಲನ್ನು ಎರಡು ಸಲ ಓದಿದ.

ಊರಿಗೆ ಹೋಗುವವರಿಗೆ ಒಂದು ಮಾತು. ಐಫೋನ್ ತಗೊಂಡು ಹೋಗಲು ಅಡ್ಡಿಯಿಲ್ಲ, ಭಾರತದಲ್ಲಿ ಈ ಸೇವೆ ಸಿಗೋದಿಲ್ಲ ಅಷ್ಟೇ. ಆದರೆ ಇನ್‌ರೀಚ್, ಥುರಾಯಾ, ಇರಿಡಿಯಮ್ ಥರದ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಒಯ್ಯಬೇಡಿ. 2008ರ ಮುಂಬೈ ದಾಳಿಯಲ್ಲಿ ಸ್ಯಾಟಲೈಟ್ ಫೋನ್ ಬಳಸಿದ್ದರು, ಆಮೇಲೆ ಬಿಗಿ ಹೆಚ್ಚಾಯಿತು. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇನ್‌ರೀಚ್ ಇಟ್ಟುಕೊಂಡಿದ್ದ ವಿದೇಶಿ ಓಟಗಾರ್ತಿಯೊಬ್ಬರನ್ನು ತಡೆದು ಹಿಡಿದಿದ್ದರು. ಚಾರಣದ ಬ್ಯಾಗನ್ನೇ ಪ್ರಯಾಣಕ್ಕೂ ಬಳಸುವವರು ಜೇಬೆಲ್ಲಾ ಒಮ್ಮೆ ತಡಕಿ ನೋಡಿ.

ನಮ್ಮಮ್ಮ ಇರೋದು ಸಾಗರ ಪಟ್ಟಣದ ಆಚೆ, ಶರಾವತಿ ಹಿನ್ನೀರಿನ ಕಡೆ. ಡಿಸೆಂಬರ್‌ನಲ್ಲಿ ಹೋದಾಗ ಅಂಗಳದಲ್ಲಿ ನಿಂತು ಇದೇ ಫೋನ್ ತೆಗೆದೆ. ಕಡ್ಡಿ ಒಂದೂ ಇಲ್ಲ, ಉಪಗ್ರಹವೂ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಹೋಗಿ ಅಮ್ಮ ಒಬ್ಬಳೇ ಇರುವ ರಾತ್ರಿಗಳು ನೆನಪಾದವು. ಬೆಟ್ಟ ಹತ್ತುವ ನನಗಿಂತ ಇಂಥ ಫೋನ್ ಅವಳಿಗೇ ಬೇಕು ಅಲ್ವಾ ಅನಿಸಿತು. ಅಮ್ಮ ಒಳಗಿಂದಲೇ ಕೂಗಿದಳು, "ಅಲ್ಲಿ ಸಿಗೋದಿಲ್ಲ ಮಗಾ, ಗೇರುಮರದ ಹತ್ರ ಹೋಗು."